ಒರಟು ದಾರಿಯಲ್ಲಿ ಗಾಡಿಗೆ ವೇಗ ಕೊಡುವುದು ಎಂಜಿನ್ ಮಾತ್ರವೇ? ಸ್ಪ್ರಿಂಗ್ ನಂಬಿ ಬದುಕಿದ ವಾಲ್ಟರ್ ಕ್ರಿಸ್ಟಿ ಕಥೆ

ಆಫ್‌ರೋಡ್ ಗಾಡಿಗಳ ವಿಷಯ ಬಂದಾಗ ಮೂರು ಮಾತು ಆಗಾಗ ಕೇಳಿಬರುತ್ತವೆ. ಒಂದು, ಎಂಜಿನ್‌ಗೆ ಪವರ್ ಇದ್ದರೆ ಸಾಕು, ಗಾಡಿ ಎಲ್ಲಿ ಬೇಕಾದರೂ ನುಗ್ಗುತ್ತದೆ. ಎರಡು, ಸಸ್ಪೆನ್ಷನ್ ಗಟ್ಟಿ ಇದ್ದಷ್ಟೂ ಗಾಡಿ ಗಟ್ಟಿ. ಮೂರು, ಎರಡನೇ ಮಹಾಯುದ್ಧದ ಪ್ರಸಿದ್ಧ ಟಿ-34 ಟ್ಯಾಂಕ್ ರಷ್ಯಾದವರು ಅಮೆರಿಕದಿಂದ ಕದ್ದ ಡಿಸೈನ್.

ಮೂರರಲ್ಲೂ ಸ್ವಲ್ಪ ಸತ್ಯವಿದೆ, ಸಾಕಷ್ಟು ತಪ್ಪೂ ಇದೆ. ಮೂರಕ್ಕೂ ಉತ್ತರ ಒಬ್ಬರೇ ವ್ಯಕ್ತಿಯ ಬದುಕಿನಲ್ಲಿ ಸಿಗುತ್ತದೆ. ಅವರ ಹೆಸರು ಜಾನ್ ವಾಲ್ಟರ್ ಕ್ರಿಸ್ಟಿ. ಅವರು ಕಟ್ಟಿದ ಸಸ್ಪೆನ್ಷನ್ ಮೇಲೆ ಎರಡು ದೇಶಗಳ ಸೈನ್ಯಗಳು ಯುದ್ಧ ಮಾಡಿದವು. ಆ ಎರಡರಲ್ಲಿ ಅವರ ಸ್ವಂತ ದೇಶ ಇರಲಿಲ್ಲ. ಅದು ಏಕೆ ಎಂದು ನೋಡುತ್ತಾ, ಸಸ್ಪೆನ್ಷನ್ ಕೆಲಸ ಮಾಡುವ ಬಗೆಯನ್ನೂ ನಾವು ಇಲ್ಲಿ ತಿಳಿಯೋಣ.

ಹದಿನಾರಕ್ಕೇ ಕಾರ್ಖಾನೆ ಸೇರಿದ ಹುಡುಗ

ಕ್ರಿಸ್ಟಿ ಹುಟ್ಟಿದ್ದು 1865ರ ಮೇ 6ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ. 16ನೇ ವಯಸ್ಸಿಗೆ ನ್ಯೂಯಾರ್ಕಿನ ಡೆಲಾಮೇಟರ್ ಕಬ್ಬಿಣದ ಕಾರ್ಖಾನೆ ಸೇರಿದರು. ಹಗಲು ದುಡಿಮೆ, ಸಂಜೆ ಕೂಪರ್ ಯೂನಿಯನ್ ಎಂಬ ಸಂಸ್ಥೆಯಲ್ಲಿ ಉಚಿತ ತರಗತಿ. ಕಾಲೇಜಿನಲ್ಲಿ ಕೂತು ಓದಿದ್ದಕ್ಕಿಂತ ಲೋಹ ಕಡಿದು, ಕೊರೆದು, ಜೋಡಿಸಿ ಕಲಿತದ್ದೇ ಹೆಚ್ಚು.

ಮುಂದೆ ಹಡಗು ಕಂಪನಿಗಳಿಗೆ ಸಲಹೆ ಕೊಡುವ ಎಂಜಿನಿಯರ್ ಆದರು. ಯುದ್ಧನೌಕೆಯ ಮೇಲೆ ತೋಪಿನ ಗೋಪುರ ಸಲೀಸಾಗಿ ತಿರುಗಲು ಬೇಕಾದ ಹಳಿಯನ್ನು ಸುಧಾರಿಸಿ ಪೇಟೆಂಟ್ ಪಡೆದರು. ಟನ್‌ಗಟ್ಟಲೆ ಭಾರದ ವಸ್ತು ಅಲುಗಾಡದೆ ಚಲಿಸಬೇಕು ಎನ್ನುವ ಸಮಸ್ಯೆ ಆಗಲೇ ಅವರ ಕೈಗೆ ಬಂದಿತ್ತು.

ನಂತರ ಕಾರಿನ ಹುಚ್ಚು ಹಿಡಿಯಿತು. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಹಿಂದಿನ ಚಕ್ರ ತಿರುಗಿಸುತ್ತಿದ್ದ ಕಾಲ ಅದು. ಕ್ರಿಸ್ಟಿ ಎಂಜಿನ್ನನ್ನು ಮುಂದೆ ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸಿದರು. ಇಂದು ನಮ್ಮ ರಸ್ತೆಯಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳ ಎಂಜಿನ್ ಕೂಡ ಹೀಗೇ ಅಡ್ಡಲಾಗಿ ಕೂತಿದೆ, ಮುಂದಿನ ಚಕ್ರವನ್ನೇ ತಿರುಗಿಸುತ್ತದೆ.

ತಮ್ಮ ಕಾರನ್ನು ಜನರಿಗೆ ತೋರಿಸಲು ಅವರೇ ರೇಸಿಗೆ ಇಳಿದರು. 1905ರ ವ್ಯಾಂಡರ್‌ಬಿಲ್ಟ್ ಕಪ್ ರೇಸಿನಲ್ಲಿ ಮುಂಚೂಣಿಯಲ್ಲಿದ್ದ ಇಟಲಿಯ ವಿನ್ಚೆಂಜೊ ಲಾಂಚಿಯಾ ಅವರ ಕಾರಿಗೂ ಕ್ರಿಸ್ಟಿಯವರ ಕಾರಿಗೂ ಡಿಕ್ಕಿಯಾಯಿತು. 1907ರಲ್ಲಿ, 42ನೇ ವಯಸ್ಸಿನಲ್ಲಿ, ಫ್ರೆಂಚ್ ಗ್ರ್ಯಾಂಡ್ ಪ್ರಿಗೆ ಸುಮಾರು 20 ಲೀಟರ್ ಎಂಜಿನ್ನಿನ ಕಾರು ತಂದರು. ಸಾಮಾನ್ಯ ಬಾಡಿಗೆ ಕಾರಿನ ಎಂಜಿನ್ ಇವತ್ತು ಒಂದು, ಒಂದೂವರೆ ಲೀಟರ್ ಇರುತ್ತದೆ ಎಂದರೆ ಅದರ ಗಾತ್ರ ಊಹಿಸಿ. ಅಷ್ಟು ದೊಡ್ಡ ಎಂಜಿನ್ ಇದ್ದರೂ ಕಾರು ಕೆಲವೇ ಸುತ್ತಿಗೆ ಕೆಟ್ಟು ನಿಂತಿತು.

ಹಣ ತಂದುಕೊಟ್ಟದ್ದು ರೇಸ್ ಕಾರಲ್ಲ, ಅಗ್ನಿಶಾಮಕ ಗಾಡಿ. ಆಗ ಬೆಂಕಿ ಆರಿಸುವ ಪಂಪುಗಳನ್ನು ಕುದುರೆಗಳು ಎಳೆಯುತ್ತಿದ್ದವು. ಕುದುರೆ ಬಿಚ್ಚಿ, ಆ ಜಾಗಕ್ಕೆ ಎರಡು ಚಕ್ರದ ಮೋಟಾರು ಮುಂಭಾಗ ಜೋಡಿಸುವ ಉಪಾಯವನ್ನು ಕ್ರಿಸ್ಟಿ ಮಾಡಿದರು. ನ್ಯೂಯಾರ್ಕ್ ಸೇರಿ ಹಲವು ನಗರಗಳು ಇಂಥ ನೂರಾರು ಗಾಡಿಗಳನ್ನು ಕೊಂಡವು. ಹಳೆಯ ಪಂಪನ್ನು ಎಸೆಯಬೇಕಾಗಿರಲಿಲ್ಲ, ಹೀಗಾಗಿ ಎಲ್ಲರಿಗೂ ಒಪ್ಪಿಗೆಯಾಯಿತು. ಕೊಳ್ಳುವವರ ಕಷ್ಟ ನೋಡಿ ಮಾಡಿದ ಈ ಯಂತ್ರ ಗೆದ್ದದ್ದನ್ನು ನೆನಪಿಡಿ. ಮುಂದೆ ಇದೇ ವಿಷಯದಲ್ಲಿ ಅವರು ಎಡವುತ್ತಾರೆ.

ಸ್ಪ್ರಿಂಗೇ ಇಲ್ಲದ ಟ್ಯಾಂಕುಗಳು

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ರಣರಂಗಕ್ಕೆ ಇಳಿಸಿದ ದೊಡ್ಡ ಟ್ಯಾಂಕುಗಳಿಗೆ ಸಸ್ಪೆನ್ಷನ್ ಎನ್ನುವುದೇ ಇರಲಿಲ್ಲ. ಮಣ್ಣು ತೋಡುವ ಹಿಟಾಚಿಗೆ ಇರುವಂಥ ಉಕ್ಕಿನ ಪಟ್ಟಿ, ಅಂದರೆ ಟ್ರ್ಯಾಕ್, ಅದರೊಳಗೆ ಸಣ್ಣ ರೋಲರುಗಳು, ಅವು ನೇರವಾಗಿ ಬಾಡಿಗೆ ಬಿಗಿದದ್ದು. ವೇಗ ಗಂಟೆಗೆ 6ರಿಂದ 7 ಕಿಲೋಮೀಟರ್. ಮನುಷ್ಯ ಬಿರುಸಾಗಿ ನಡೆದಷ್ಟು.

ಇದಕ್ಕಿಂತ ದೊಡ್ಡ ಎಂಜಿನ್ ಹಾಕಿದ್ದರೆ ಆಗುತ್ತಿರಲಿಲ್ಲವೇ? ನಮ್ಮ ಮೊದಲ ತಪ್ಪು ನಂಬಿಕೆಗೆ ಉತ್ತರ ಇಲ್ಲಿದೆ.

ಗಾಡಿ ಒಂದು ಹಂಪ್ ಹತ್ತಿದಾಗ ಚಕ್ರ ಮೇಲಕ್ಕೆ ಚಿಮ್ಮುತ್ತದೆ. ಅದೇ ಹಂಪನ್ನು ಎರಡು ಪಟ್ಟು ವೇಗದಲ್ಲಿ ದಾಟಿದರೆ ಚಕ್ರ ಮೇಲಕ್ಕೆ ಚಿಮ್ಮುವ ವೇಗವೂ ಎರಡು ಪಟ್ಟಾಗುತ್ತದೆ. ಆದರೆ ಆ ಚಿಮ್ಮುವಿಕೆಯಲ್ಲಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಈ ಶಕ್ತಿಯನ್ನು ತಡೆದು ಇಟ್ಟುಕೊಳ್ಳಲು ಸ್ಪ್ರಿಂಗ್ ಇಲ್ಲದಿದ್ದರೆ ಏಟು ನೇರ ಬಾಡಿಗೆ, ಎಂಜಿನ್ನಿಗೆ, ಒಳಗೆ ಕೂತವರ ಬೆನ್ನಿಗೆ ಬೀಳುತ್ತದೆ. ಆಗ ಚಾಲಕ ತಾನಾಗಿಯೇ ವೇಗ ಇಳಿಸುತ್ತಾನೆ. ಎಂಜಿನ್ನಿನಲ್ಲಿ ಪವರ್ ಉಳಿದಿರುತ್ತದೆ, ಬಳಸುವ ಹಾಗಿರುವುದಿಲ್ಲ.

ಒಂಟಿ ಚಕ್ರಕ್ಕೆ ಒಂಟಿ ಸ್ಪ್ರಿಂಗ್

ಕ್ರಿಸ್ಟಿ 1916ರ ಹೊತ್ತಿಗೆ ಅಮೆರಿಕದ ಸೈನ್ಯಕ್ಕಾಗಿ ತೋಪು ಹೊರುವ ಗಾಡಿ ಮಾಡತೊಡಗಿದರು. 1919ರಲ್ಲಿ ಮೊದಲ ಟ್ಯಾಂಕ್ ಕಟ್ಟಿದರು. ಆಮೇಲೆ ನೀರಿನಲ್ಲೂ ನೆಲದಲ್ಲೂ ಹೋಗುವ ಗಾಡಿ ಮಾಡಿ ಹಡ್ಸನ್ ನದಿಯಲ್ಲಿ ಈಜಿಸಿ ತೋರಿಸಿದರು. ಯಾವುದಕ್ಕೂ ದೊಡ್ಡ ಆರ್ಡರ್ ಬರಲಿಲ್ಲ. ಸೈನ್ಯದ ಅಧಿಕಾರಿಗಳು ತಮಗೆ ಬೇಕಾದ ಅಳತೆ, ತೂಕದ ಪಟ್ಟಿ ಕೊಡುತ್ತಿದ್ದರು. ಕ್ರಿಸ್ಟಿ ಅದನ್ನು ಪಕ್ಕಕ್ಕಿಟ್ಟು ತಮಗೆ ಸರಿ ಕಂಡದ್ದನ್ನೇ ಕಟ್ಟುತ್ತಿದ್ದರು. ಜಗಳ ಅಲ್ಲಿಂದಲೇ ಶುರು.

1920ರ ದಶಕದ ನಡುಭಾಗದಲ್ಲಿ ಅವರು ಹಳೆಯದನ್ನೆಲ್ಲ ಬದಿಗಿಟ್ಟು ಮತ್ತೆ ಮೊದಲಿಂದ ಯೋಚಿಸಿದರು. 1928ರಲ್ಲಿ ಹೊಸ ಗಾಡಿ ಸಿದ್ಧವಾಯಿತು. ಅದರಲ್ಲಿ ಒಂದೊಂದು ಬದಿಗೆ ನಾಲ್ಕು ದೊಡ್ಡ ಚಕ್ರಗಳು. ಪ್ರತಿ ಚಕ್ರಕ್ಕೂ ಅದರದೇ ಒಂದು ತೋಳು, ಆ ತೋಳಿಗೆ ಅದರದೇ ಒಂದು ಉದ್ದನೆಯ ಸುರುಳಿ ಸ್ಪ್ರಿಂಗ್. ಇಷ್ಟುದ್ದದ ಸ್ಪ್ರಿಂಗ್ ಎಲ್ಲಿ ಇಡುವುದು? ಟ್ಯಾಂಕಿನ ಪಕ್ಕಕ್ಕೆ ಎರಡು ಗೋಡೆ ಕಟ್ಟಿ, ಗೋಡೆಗಳ ನಡುವೆ ಸ್ಪ್ರಿಂಗುಗಳನ್ನು ಅಡಗಿಸಿದರು. ಒಂದು ಚಕ್ರ ಗುಂಡಿಗೆ ಇಳಿದರೆ ಪಕ್ಕದ ಚಕ್ರಕ್ಕೆ ಅದರ ಗೊಡವೆಯಿಲ್ಲ. ಚಕ್ರ ಸುಮಾರು 10 ಇಂಚು, ಅಂದರೆ ಒಂದು ಗೇಣಿಗಿಂತ ಹೆಚ್ಚು, ಮೇಲೆ ಕೆಳಗೆ ಆಡುತ್ತಿತ್ತು.

ಟ್ರ್ಯಾಕ್ ಬಿಚ್ಚಿಟ್ಟು ಬರಿಯ ಚಕ್ರದ ಮೇಲೆ ರಸ್ತೆಯಲ್ಲಿ ಓಡಿಸುವ ಸೌಲಭ್ಯವನ್ನೂ ಸೇರಿಸಿದರು. ಆಗಿನ ಟ್ರ್ಯಾಕುಗಳು ಬೇಗ ಸವೆಯುತ್ತಿದ್ದವು, ಅದಕ್ಕೆ ಈ ಉಪಾಯ.

1928ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಫೋರ್ಟ್ ಮೈಯರ್‌ನಲ್ಲಿ ಸೇನಾಧಿಕಾರಿಗಳ ಮುಂದೆ ಪ್ರದರ್ಶನ ನಡೆಯಿತು. ಕ್ರಿಸ್ಟಿಗೆ ಆಗ 63 ವರ್ಷ. ಗಾಡಿ ಟ್ರ್ಯಾಕ್ ಮೇಲೆ ಗಂಟೆಗೆ ಸುಮಾರು 68 ಕಿಲೋಮೀಟರ್, ಬರಿಯ ಚಕ್ರದ ಮೇಲೆ ಸುಮಾರು 110 ಕಿಲೋಮೀಟರ್ ಓಡಬಲ್ಲದಾಗಿತ್ತು. ಹತ್ತು ವರ್ಷದ ಹಿಂದೆ ನಡಿಗೆಯ ವೇಗದಲ್ಲಿದ್ದ ಯಂತ್ರವೇ ಇದು ಎಂದು ನೋಡಿದವರಿಗೆ ನಂಬಿಕೆ ಬರಲಿಲ್ಲ. ತಮ್ಮ ಗಾಡಿ ಕಾಲಕ್ಕಿಂತ ಹತ್ತು ಹನ್ನೆರಡು ವರ್ಷ ಮುಂದಿದೆ ಎಂದು ಕ್ರಿಸ್ಟಿ ಅದಕ್ಕೆ 1940ರ ಮಾದರಿ ಎಂದೇ ಹೆಸರಿಟ್ಟರು.

ಒಂದು ವಿಷಯ ಮಾತ್ರ ಮರೆಯಬಾರದು. ಆ ಗಾಡಿಯ ತೂಕ ಎಂಟು ಟನ್ನಿನಷ್ಟು, ಕವಚ ತೆಳು, ಮೇಲೆ ತೋಪಿನ ಗೋಪುರವಿಲ್ಲ, ಒಳಗೆ ವಿಮಾನದ ಎಂಜಿನ್. ಅಂದರೆ ಪವರ್ ಕೂಡ ಧಾರಾಳವಾಗಿತ್ತು. ಆದರೆ ಅದೇ ಎಂಜಿನ್ನನ್ನು ಸ್ಪ್ರಿಂಗಿಲ್ಲದ ಹಳೆಯ ಟ್ಯಾಂಕಿಗೆ ಹಾಕಿದ್ದರೆ ಗಾಡಿ ಅಲುಗಿ ಅಲುಗಿಯೇ ಬಿಚ್ಚಿಹೋಗುತ್ತಿತ್ತು. ವೇಗ ಹುಟ್ಟಿಸುವುದು ಎಂಜಿನ್, ಒರಟು ನೆಲದಲ್ಲಿ ಆ ವೇಗವನ್ನು ಬಳಸಲು ಬಿಡುವುದು ಸಸ್ಪೆನ್ಷನ್.

ಗಟ್ಟಿ ಸ್ಪ್ರಿಂಗ್ ಒಳ್ಳೆಯದೇ?

ಈಗ ಎರಡನೇ ನಂಬಿಕೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ.

ಸ್ಪ್ರಿಂಗ್ ಎಷ್ಟು ಶಕ್ತಿ ನುಂಗುತ್ತದೆ ಎನ್ನುವುದಕ್ಕೆ ಎರಡು ಅಂಶ: ಅದು ಎಷ್ಟು ಬಲ ತಡೆಯುತ್ತದೆ, ಎಷ್ಟು ದೂರ ಕುಗ್ಗುತ್ತದೆ. ಬಾಡಿ ಇಷ್ಟೇ ಬಲ ತಾಳುತ್ತದೆ ಎಂದು ಮಿತಿ ಹಾಕಿಕೊಂಡರೆ ಉಳಿಯುವ ದಾರಿ ಒಂದೇ, ಕುಗ್ಗುವ ದೂರ ಹೆಚ್ಚಿಸುವುದು. ಚಕ್ರದ ಓಡಾಟ ಎರಡು ಪಟ್ಟಾದರೆ, ಅದೇ ಗರಿಷ್ಠ ಬಲಕ್ಕೆ ನುಂಗುವ ಶಕ್ತಿಯೂ ಎರಡು ಪಟ್ಟು. ಕ್ರಿಕೆಟ್‌ನಲ್ಲಿ ವೇಗದ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ ಕೆಲಸ. ಕೈ ಬಿಗಿ ಹಿಡಿದು ನಿಂತರೆ ಅಂಗೈ ಉರಿಯುತ್ತದೆ.

ಮತ್ತೊಂದು ಲೆಕ್ಕ ಇನ್ನೂ ಸುಲಭ. ಗಾಡಿಯ ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಕೆಳಗೆ ಕೂರುತ್ತದೆ ಎಂದು ಅಳೆದರೆ, ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂದು ಹೇಳಬಹುದು. ಎರಡೂವರೆ ಸೆಂಟಿಮೀಟರ್ ಕೂತರೆ ಸೆಕೆಂಡಿಗೆ ಸುಮಾರು ಮೂರು ಸಲ. 25 ಸೆಂಟಿಮೀಟರ್ ಕೂತರೆ ಸೆಕೆಂಡಿಗೆ ಒಂದು ಸಲ. ನಮ್ಮ ದೇಹಕ್ಕೆ ಸೆಕೆಂಡಿಗೆ ಒಂದೆರಡು ಸಲದ ಏರಿಳಿತ ಹೊಸದಲ್ಲ, ನಡೆಯುವಾಗಲೂ ಅಷ್ಟೇ ಇರುತ್ತದೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಮೇಲೆ ಕೆಳಗಿನ ಕಂಪನ ಮಾತ್ರ ಕೂತವರ ಮೈಗೆ ಅತಿ ಹೆಚ್ಚು ಹಿಂಸೆ ಕೊಡುತ್ತದೆ. ಸ್ಪ್ರಿಂಗ್ ಗಟ್ಟಿ ಮಾಡುತ್ತಾ ಹೋದಂತೆ ನಾವು ಆ ಕಡೆಗೇ ಹೋಗುತ್ತೇವೆ. ಖಾಲಿ ಲಾರಿ ತುಂಬಿದ ಲಾರಿಗಿಂತ ಹೆಚ್ಚು ಕುಕ್ಕುವುದು ಇದೇ ಕಾರಣಕ್ಕೆ. ಅದರ ಸ್ಪ್ರಿಂಗ್ ಲೋಡಿಗಾಗಿ ಮಾಡಿದ್ದು, ಲೋಡ್ ಇಲ್ಲದಾಗ ಅದು ಕುಗ್ಗುವುದೇ ಇಲ್ಲ.

ಹಾಗೆಂದು ಮೆತ್ತಗಿದ್ದರೆ ಸಾಕು ಎಂದಲ್ಲ. ಸ್ಪ್ರಿಂಗ್ ತೀರಾ ಮೆತ್ತಗಿದ್ದು ಕುಗ್ಗಲು ಜಾಗ ಕಡಿಮೆ ಇದ್ದರೆ ಅದು ತಳಕ್ಕೆ ಬಡಿಯುತ್ತದೆ. ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲುತ್ತದೆ, ಬ್ರೇಕ್ ಹಾಕಿದರೆ ಮೂಗು ಮುಗ್ಗರಿಸುತ್ತದೆ. ಒರಟು ನೆಲಕ್ಕೆ ಬೇಕಾದದ್ದು ಹದವಾದ ಮೆದುತನ ಮತ್ತು ಅದಕ್ಕೆ ಸಾಕಾಗುವಷ್ಟು ಓಡಾಟ, ಎರಡೂ ಒಟ್ಟಿಗೆ. ಕ್ರಿಸ್ಟಿ ಜಾಗಕ್ಕಾಗಿ ಟ್ಯಾಂಕಿನ ಗೋಡೆಯನ್ನೇ ಎರಡು ಮಾಡಿದ್ದು ಇದಕ್ಕೇ.

ಸ್ವಂತ ಊರಲ್ಲಿ ಬೇಡವಾದದ್ದು

ಪ್ರದರ್ಶನ ನೋಡಿ ಜಾರ್ಜ್ ಪ್ಯಾಟನ್ ಅವರಂಥ ಅಶ್ವದಳದ ಅಧಿಕಾರಿಗಳು ಮೆಚ್ಚಿದರು. ಆದರೆ ಖರೀದಿ ನಿರ್ಧರಿಸುವ ಶಸ್ತ್ರಾಸ್ತ್ರ ವಿಭಾಗಕ್ಕೆ ಅನುಮಾನ. ಕವಚ ತೆಳು, ಒಳಗೆ ಜಾಗ ಇಕ್ಕಟ್ಟು, ಯಂತ್ರ ಪದೇ ಪದೇ ರಿಪೇರಿಗೆ ಬರುತ್ತದೆ ಎಂಬ ದೂರುಗಳು. ಕ್ರಿಸ್ಟಿ ಬದಲಾವಣೆಗೆ ಒಪ್ಪುವವರಲ್ಲ. 1931ರಲ್ಲಿ ಸೈನ್ಯ ಏಳು ಟ್ಯಾಂಕ್ ಕೊಂಡಿತು. ಮುಂದಿನ ಸಣ್ಣ ಆರ್ಡರ್ ಬೇರೆ ಕಂಪನಿಗೆ ಹೋಯಿತು.

ಹಣದ ಮುಗ್ಗಟ್ಟಿನಲ್ಲಿದ್ದ ಕ್ರಿಸ್ಟಿ ಹೊರದೇಶಗಳ ಕಡೆ ನೋಡಿದರು. ಪೋಲೆಂಡ್ ಮುಂಗಡ ಕೊಟ್ಟಿತು, ಟ್ಯಾಂಕ್ ಹೋಗಲಿಲ್ಲ, ಕೊನೆಗೆ ಹಣ ವಾಪಸ್ ಕೊಡಬೇಕಾಯಿತು. ಸೋವಿಯತ್ ಒಕ್ಕೂಟದೊಂದಿಗೆ ಮಾತ್ರ ವ್ಯವಹಾರ ಕುದುರಿತು. 1930ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಆಮ್‌ಟಾರ್ಗ್ ಎಂಬ ಸೋವಿಯತ್ ವ್ಯಾಪಾರ ಸಂಸ್ಥೆ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಎರಡು ಟ್ಯಾಂಕ್ ಮತ್ತು ಅವನ್ನು ತಯಾರಿಸುವ ಹಕ್ಕು, ಎರಡಕ್ಕೂ ಹಣ ಕೊಟ್ಟಿತು.

ಹಾಗಾದರೆ ಕದ್ದದ್ದು ಎಂಬ ಮಾತು ಎಲ್ಲಿಂದ ಬಂತು? ಆಗ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ, ಅದು ಶುರುವಾದದ್ದು 1933ರಲ್ಲಿ. ಸರ್ಕಾರದ ಒಪ್ಪಿಗೆ ಪಡೆಯದೆ, ಗೋಪುರ ತೆಗೆದು, ಕಾಗದಪತ್ರದಲ್ಲಿ ಕೃಷಿ ಟ್ರ್ಯಾಕ್ಟರ್ ಎಂದು ತೋರಿಸಿ ಆ ಎರಡು ಟ್ಯಾಂಕ್‌ಗಳನ್ನು ಹಡಗಿಗೇರಿಸಲಾಯಿತು. ಕಣ್ಣು ತಪ್ಪಿಸಿದ್ದು ನಿಜ, ಆದರೆ ಮಾರಿದವರು ಕ್ರಿಸ್ಟಿಯವರೇ. ಕೊಂಡದ್ದನ್ನು ಕಳವು ಎನ್ನಲಾಗದು.

ಸೋವಿಯತ್ ಎಂಜಿನಿಯರುಗಳು ಅದನ್ನು ಆಧರಿಸಿ ಬಿಟಿ ಎಂಬ ವೇಗದ ಟ್ಯಾಂಕ್‌ಗಳನ್ನು ಏಳು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿದರು. ಆ ಅನುಭವದಿಂದ ಖಾರ್ಕಿವ್ ನಗರದ ಕಾರ್ಖಾನೆಯಲ್ಲಿ ಮಿಖಾಯಿಲ್ ಕೋಶ್ಕಿನ್ ಅವರ ತಂಡ ಟಿ-34 ರೂಪಿಸಿತು. ಒಂದೊಂದು ಬದಿಗೆ ಐದು ದೊಡ್ಡ ಚಕ್ರ, ಬಾಡಿಯೊಳಗೆ ಉದ್ದನೆಯ ಸ್ಪ್ರಿಂಗ್, ಇದು ಕ್ರಿಸ್ಟಿಯವರದು. ಡೀಸೆಲ್ ಎಂಜಿನ್, ದೊಡ್ಡ ತೋಪು, ದಪ್ಪ ಕವಚ, ಅದನ್ನು ಸುತ್ತಲೂ ಓರೆಯಾಗಿಸಿದ ಬಗೆ, ಇವು ಸೋವಿಯತ್ ಎಂಜಿನಿಯರುಗಳ ದುಡಿಮೆ. ಟ್ರ್ಯಾಕ್ ಬಿಚ್ಚಿ ಓಡಿಸುವ ಏರ್ಪಾಡನ್ನು ಅವರು ಕೈಬಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಐವತ್ತು ಸಾವಿರಕ್ಕೂ ಹೆಚ್ಚು ಟಿ-34 ತಯಾರಾಗಿದ್ದವು. ಆದ್ದರಿಂದ ಮೂರನೇ ಮಾತನ್ನು ಹೀಗೆ ತಿದ್ದಿಕೊಳ್ಳಿ: ಟಿ-34ರ ಕಾಲು ಅಮೆರಿಕದಿಂದ ಕೊಂಡದ್ದು, ದೇಹ ಅಲ್ಲಿಯದೇ.

ಬ್ರಿಟನ್ ಕೂಡ ಹಿಂದೆ ಬೀಳಲಿಲ್ಲ. 1936ರಲ್ಲಿ ಸೋವಿಯತ್ ಸೇನೆಯ ಕವಾಯತು ನೋಡಲು ಹೋದ ಬ್ರಿಟಿಷ್ ಅಧಿಕಾರಿ ಗಿಫರ್ಡ್ ಮಾರ್ಟೆಲ್, ಬಿಟಿ ಟ್ಯಾಂಕ್‌ಗಳ ಓಟ ಕಂಡು ಬೆರಗಾದರು. ಮೋರಿಸ್ ಕಾರು ಕಂಪನಿಯ ಒಡೆಯ ನಫೀಲ್ಡ್ ಪ್ರಭು ಅವರ ಮೂಲಕ ಕ್ರಿಸ್ಟಿಯವರಿಂದ ಒಂದು ಗಾಡಿ ತರಿಸಲಾಯಿತು. ಕ್ರುಸೇಡರ್, ಕ್ರಾಮ್ವೆಲ್, ಕಾಮೆಟ್ ಎಂಬ ಬ್ರಿಟಿಷ್ ಟ್ಯಾಂಕ್‌ಗಳು ಅದೇ ಬಗೆಯ ಸಸ್ಪೆನ್ಷನ್ ಮೇಲೆ ನಿಂತವು.

ಶಾಕ್ ಅಬ್ಸಾರ್ಬರ್ ಶಾಕ್ ಹೀರುತ್ತದೆಯೇ?

ಕ್ರಿಸ್ಟಿ ಸಸ್ಪೆನ್ಷನ್ ಅಷ್ಟು ಒಳ್ಳೆಯದಾದರೆ ಈಗಿನ ಟ್ಯಾಂಕುಗಳಲ್ಲಿ ಏಕೆ ಇಲ್ಲ? ಇದಕ್ಕೆ ಎರಡು ಮುಖ್ಯ ಕಾರಣ.

ಮೊದಲನೆಯದು ಜಾಗ. ಸ್ಪ್ರಿಂಗುಗಳು ಎರಡೂ ಪಕ್ಕದಲ್ಲಿ ಬಾಡಿಯ ಅಗಲವನ್ನು ತಿನ್ನುತ್ತಿದ್ದವು. ಒಳಗಿನವರು ಮೊಣಕೈ ಆಡಿಸಲೂ ಪರದಾಡಬೇಕು. ಸ್ಪ್ರಿಂಗ್ ಮುರಿದರೆ ಬದಲಾಯಿಸುವುದೂ ಸುಲಭವಲ್ಲ. ಮುಂದೆ ಬಂದದ್ದು ಟಾರ್ಷನ್ ಬಾರ್. ಇದು ಟ್ಯಾಂಕಿನ ತಳದಲ್ಲಿ ಅಡ್ಡಡ್ಡ ಮಲಗಿಸಿದ ಉಕ್ಕಿನ ಸರಳು. ಚಕ್ರ ಮೇಲೆದ್ದಾಗ ಸರಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಚಕ್ರ ಇಳಿದಾಗ ಮರಳಿ ಬಿಚ್ಚಿಕೊಳ್ಳುತ್ತದೆ. ಸುರುಳಿಯ ಕೆಲಸವನ್ನೇ ಕಡಿಮೆ ಜಾಗದಲ್ಲಿ ಮಾಡುತ್ತದೆ. ಟಿ-34ರ ಉತ್ತರಾಧಿಕಾರಿ ಟಿ-44ರಲ್ಲೇ ಸೋವಿಯತ್ ಎಂಜಿನಿಯರುಗಳು ಇದಕ್ಕೆ ಬದಲಾದರು.

ಎರಡನೆಯದು ಕುಣಿತ. ಟಿ-34ರಲ್ಲಿ ಸ್ಪ್ರಿಂಗ್ ಇತ್ತು, ಶಾಕ್ ಅಬ್ಸಾರ್ಬರ್ ಇರಲಿಲ್ಲ. ಟ್ಯಾಂಕ್ ನಿಂತ ಮೇಲೂ ಬಾಡಿ ತೊಟ್ಟಿಲಿನಂತೆ ತೂಗುತ್ತಿತ್ತು, ಅದು ನಿಲ್ಲುವವರೆಗೆ ಗುರಿ ಹಿಡಿಯುವುದು ಕಷ್ಟ.

ಇಲ್ಲೇ ನಾಲ್ಕನೆಯ ತಪ್ಪು ಕಲ್ಪನೆಯೊಂದನ್ನು ಸರಿ ಮಾಡಿಕೊಳ್ಳೋಣ. ಗ್ಯಾರೇಜಿನಲ್ಲಿ ನಾವು ಶಾಕ್ ಎಂದು ಕರೆಯುವ ಭಾಗ ಹೆಸರಿಗೆ ತಕ್ಕಂತೆ ಏಟು ಹೀರುವುದಿಲ್ಲ. ಏಟನ್ನು ಮೊದಲು ತೆಗೆದುಕೊಳ್ಳುವುದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ಪಡೆದ ಶಕ್ತಿಯನ್ನು ಇಟ್ಟುಕೊಳ್ಳುವುದಿಲ್ಲ, ಮರುಕ್ಷಣವೇ ವಾಪಸ್ ಕೊಡುತ್ತದೆ, ಅದಕ್ಕೇ ಗಾಡಿ ಕುಣಿಯುತ್ತದೆ. ಶಾಕ್ ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಆ ಶಕ್ತಿ ಬಿಸಿಯಾಗಿ ಕರಗುತ್ತದೆ. ಸ್ಪ್ರಿಂಗ್ ಏಟು ತಡೆಯುತ್ತದೆ, ಶಾಕ್ ಕುಣಿತ ನಿಲ್ಲಿಸುತ್ತದೆ. ನಿಮ್ಮ ಬೈಕಿನ ಹಿಂಭಾಗ ಒಂದು ಹಂಪ್ ದಾಟಿದ ಮೇಲೂ ನಾಲ್ಕೈದು ಸಲ ಕುಣಿದರೆ ಅನುಮಾನ ಪಡಬೇಕಾದದ್ದು ಶಾಕ್ ಮೇಲೆ. ಎಣ್ಣೆ ಸೋರಿರಬಹುದು. ಅಂಥ ಗಾಡಿಯಲ್ಲಿ ಚಕ್ರ ನೆಲ ಬಿಡುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಇದು ಬರಿಯ ಸುಖದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಕೊನೆಯ ದಿನಗಳು

ಕ್ರಿಸ್ಟಿ ಸುಮ್ಮನೆ ಕೂರಲಿಲ್ಲ. ಇನ್ನೂ ಹಗುರವಾದ ಟ್ಯಾಂಕ್, ರೆಕ್ಕೆ ಜೋಡಿಸಿ ಹಾರಿಸಬಹುದಾದ ಟ್ಯಾಂಕ್, ಹೀಗೆ ಯೋಜನೆ ಮೇಲೆ ಯೋಜನೆ ಹಾಕಿದರು. ಅಮೆರಿಕದ ಸೈನ್ಯ ಯುದ್ಧಕ್ಕೆ ಕಳಿಸಿದ ಶೆರ್ಮನ್ ಟ್ಯಾಂಕಿಗೆ ಬೇರೆಯದೇ ಬಗೆಯ ಸಸ್ಪೆನ್ಷನ್ ಇತ್ತು. 1944ರ ಜನವರಿ 11ರಂದು ವರ್ಜೀನಿಯಾದ ಫಾಲ್ಸ್ ಚರ್ಚ್ ಎಂಬಲ್ಲಿ, 78ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಚಳಿಗಾಲದಲ್ಲಿ ಅವರ ಸ್ಪ್ರಿಂಗುಗಳ ಮೇಲೆ ನಿಂತ ಟಿ-34ಗಳು ಜರ್ಮನ್ ಸೈನ್ಯವನ್ನು ಪಶ್ಚಿಮಕ್ಕೆ ಹಿಮ್ಮೆಟ್ಟಿಸುತ್ತಿದ್ದವು.

ಅವರನ್ನು ಸರ್ಕಾರ ತುಳಿದ ಪ್ರತಿಭೆ ಎಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಕಥೆ. ನೆಲದ ಒರಟನ್ನು ಅವರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಆ ಕಾಲದಲ್ಲಿ ಕಡಿಮೆ. ಆದರೆ ಗಾಡಿಯೊಳಗೆ ಕೂರುವ ಮನುಷ್ಯನಿಗೆ ಏನು ಬೇಕು ಎಂದು ಅವರು ಸಾಕಷ್ಟು ಕೇಳಲಿಲ್ಲ. ಅಗ್ನಿಶಾಮಕ ಗಾಡಿಯಲ್ಲಿ ತೋರಿದ ಆ ಕಿವಿ ಟ್ಯಾಂಕಿನ ಹೊತ್ತಿಗೆ ಕಿವುಡಾಗಿತ್ತು.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಾಹಾ ಸ್ಪರ್ಧೆಗೆಂದು ಒರಟು ದಾರಿಯ ಪುಟ್ಟ ಗಾಡಿಗಳನ್ನು ಕಟ್ಟುತ್ತಾರೆ. ಅವರಿಗೂ, ಜೀಪಿನ ಸ್ಪ್ರಿಂಗ್ ಬದಲಾಯಿಸಲು ಹೊರಟವರಿಗೂ ಈ ಬದುಕಿನಿಂದ ಸಿಗುವ ಕ್ರಮ ಇದು.

1. ಮೊದಲು ನೆಲ ನೋಡಿ. ಕಲ್ಲೆಷ್ಟು ಎತ್ತರ, ಗುಂಡಿಯೆಷ್ಟು ಆಳ, ಎಷ್ಟು ವೇಗದಲ್ಲಿ ದಾಟಬೇಕು.
2. ಅದಕ್ಕೆ ಚಕ್ರ ಎಷ್ಟು ಆಡಬೇಕು ಎಂದು ತೀರ್ಮಾನಿಸಿ. ಮೇಲಕ್ಕೂ ಕೆಳಕ್ಕೂ ಎರಡೂ ಕಡೆ ಜಾಗ ಬೇಕು.
3. ಲೋಡ್ ಹಾಕಿದಾಗ ಗಾಡಿ ಎಷ್ಟು ಕೂರುತ್ತದೆ ಎಂದು ಅಳೆದು ಆಮೇಲೆ ಸ್ಪ್ರಿಂಗ್ ಆರಿಸಿ.
4. ಆ ಸ್ಪ್ರಿಂಗಿಗೆ ತಕ್ಕ ಶಾಕ್ ಹೊಂದಿಸಿ. ಒಂದನ್ನು ಮಾತ್ರ ಬದಲಾಯಿಸಬೇಡಿ.
5. ಚಕ್ರ ಮತ್ತು ತೋಳು ಆದಷ್ಟು ಹಗುರವಾಗಿರಲಿ. ಭಾರವಾದ ಚಕ್ರ ನೆಲದ ಏರಿಳಿತವನ್ನು ಬೇಗ ಹಿಂಬಾಲಿಸಲಾರದು.
6. ಕೊನೆಗೆ, ಇಷ್ಟೆಲ್ಲ ಹಾಕಿದ ಮೇಲೆ ಒಳಗೆ ಕೂರುವವರಿಗೆ ಜಾಗ ಉಳಿಯಿತೇ, ಕೆಟ್ಟರೆ ರಿಪೇರಿ ಮಾಡಲು ಕೈ ಹೋಗುತ್ತದೆಯೇ ನೋಡಿ.

ಕ್ರಿಸ್ಟಿ ಮೊದಲ ಮೂರರಲ್ಲಿ ಗೆದ್ದರು, ಕೊನೆಯದರಲ್ಲಿ ಸೋತರು.

ಇನ್ನು ಮುಂದೆ ಟಿ-34 ಕದ್ದ ಮಾಲು ಎಂಬ ಫಾರ್ವರ್ಡ್ ಬಂದರೆ, ಅದು ರಸೀದಿ ಇರುವ ಮಾಲು ಎಂದು ಉತ್ತರಿಸಿ. ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಗಾಡಿ ಗಟ್ಟಿ ಎನ್ನುವ ಗೆಳೆಯರಿಗೆ ಈ ಬರಹ ಕಳಿಸಿ. ಗ್ಯಾರೇಜಿಗೆ ದುಡ್ಡು ಸುರಿಯುವ ಮೊದಲು ಓದಿದರೆ ಅವರ ಹಣ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ.